ಗೋಡೆಯ ಮೇಲೆ 30 ದಿನ

ಬ್ರಿಟಿಷ್ ಇಂಡಿಯಾದ 1872ರ ಕಾಯಿದೆ ಪುರೋಹಿತರಿಲ್ಲದ ಮದುವೆಗೆ ಅವಕಾಶವನ್ನೇನೋ ಕೊಟ್ಟಿತು. ಆದರೆ ವಧೂವರರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮೊದಲಾದ ಯಾವ ಮತಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಿತ್ತು. ನಂಬಿಕೆಯುಳ್ಳವರು ಸುಳ್ಳಾಡಬೇಕು, ಇಲ್ಲವೇ ಮದುವೆಯ ಆಸೆ ಬಿಡಬೇಕು! 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರ ನಡುವಿನ ಮದುವೆಗಷ್ಟೇ ವಿನಾಯಿತಿ ನೀಡಿತು. ಷರತ್ತು ಪೂರ್ತಿ ಹೋದದ್ದು 1954ರ ವಿಶೇಷ ವಿವಾಹ ಕಾಯಿದೆಯಿಂದ.

ಉಳಿದದ್ದು ನೋಟಿಸು. ಅದನ್ನು ವಿವಾಹಾಧಿಕಾರಿ ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು. ವಯಸ್ಸು, ಜೀವಂತವಿರುವ ಸಂಗಾತಿ, ನಿಷಿದ್ಧ ಸಂಬಂಧದಂಥವು ಆಕ್ಷೇಪಕ್ಕೆ ಆಧಾರ, ಮತಭೇದವಲ್ಲ. ಶಿಡ್ಲಘಟ್ಟದ ಜೋಡಿ ಬೆಂಗಳೂರಿನಲ್ಲಿ ನೋಟಿಸು ಕೊಟ್ಟರೆ? ಕಾಯಂ ವಾಸ ಬೇರೆಡೆಯಿದ್ದರೆ ಪ್ರತಿಯೊಂದು ಅಲ್ಲಿನ ವಿವಾಹಾಧಿಕಾರಿಗೂ ಹೋಗಿ ಗೋಡೆಯೇರಬೇಕೆನ್ನುತ್ತದೆ ಕಾಯಿದೆ. ಅಲ್ಲಿಂದ ಸುದ್ದಿ ಗೂಡಿನ ಮಾರುಕಟ್ಟೆಗೆ ಮುಟ್ಟಲು ಎಷ್ಟು ಹೊತ್ತು? ಆಗ ಆಕ್ಷೇಪ ಬರುವುದು ಕಚೇರಿಗಲ್ಲ, ಮನೆಬಾಗಿಲಿಗೆ.