ಹಕ್ಕಿಗಳ ಪರವಾಗಿ ಸಿಕ್ಕ ಕೌಲು

ಕನ್ನಡದಲ್ಲಿ ಏರಿ ಎಂದರೆ ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಒಡ್ಡು. ತಮಿಳಿನಲ್ಲಿ ಕೆರೆಯನ್ನೇ ಏರಿ ಎನ್ನುತ್ತಾರೆ. ಒಡ್ಡಿಲ್ಲದೆ ಕೆರೆಯಿಲ್ಲ ಎಂಬುದಕ್ಕೆ ಈ ಒಂದು ಪದವೇ ಸಾಕ್ಷಿ. ಅಂಥ ಏರಿಯ ಹಿಂದೆ ಮಳೆನೀರು ನಿಂತು ಆದ ಪುಟ್ಟ ಕೆರೆಯೊಂದು ದೇಶದ ಅತಿ ಹಳೆಯ ಪಕ್ಷಿಧಾಮಗಳಲ್ಲಿ ಒಂದೆನಿಸಿದೆ. ಅದು ಚೆನ್ನೈನಿಂದ ಸುಮಾರು 75 ಕಿ.ಮೀ. ದೂರದ ವೇಡಂತಾಂಗಲ್.

ಕೆರೆಯ ವಿಸ್ತೀರ್ಣ ಸುಮಾರು 30 ಹೆಕ್ಟೇರ್ ಮಾತ್ರ. ಅದು ಇದ್ದದ್ದು ಹಕ್ಕಿಗಳಿಗಾಗಿ ಅಲ್ಲ, ಭತ್ತದ ಗದ್ದೆಗಳಿಗಾಗಿ. ಹಿಂಗಾರು ಮಳೆಗೆ ಕೆರೆ ತುಂಬಿದಾಗ ಅದರೊಳಗಿನ ಮರಗಳು ಅರ್ಧ ಮುಳುಗಿ ನಡುಗಡ್ಡೆಗಳಂತಾಗುತ್ತವೆ. ಕಾಡುಬೆಕ್ಕು, ನರಿಗಳು ಅಲ್ಲಿಗೆ ಸುಲಭವಾಗಿ ಬರಲಾರವು. ಹಾಗಾಗಿ ನೀರುಕಾಗೆ, ಬೆಳ್ಳಕ್ಕಿ, ಚಮಚಕೊಕ್ಕು, ಹೆಜ್ಜಾರ್ಲೆಗಳು ಆ ಮರಗಳಲ್ಲಿ ಗೂಡು ಕಟ್ಟುತ್ತವೆ. ಮರಿಗಳ ಹೊಟ್ಟೆ ತುಂಬಿಸಲು ಈ ಕೆರೆಯ ಮೀನಷ್ಟೇ ಸಾಲದು. ತಾಯಿತಂದೆ ಹಕ್ಕಿಗಳು ಸುತ್ತಲಿನ ಕೆರೆ, ಗದ್ದೆಗಳಿಗೂ ಹಾರಿಹೋಗಿ ಆಹಾರ ತರುತ್ತವೆ. ಮಳೆ ಕೈಕೊಟ್ಟ ವರ್ಷ ಗೂಡುಗಳೂ ವಿರಳ.

ಇದರಿಂದ ರೈತರಿಗೇನು ಲಾಭ? ಸಾವಿರಾರು ಹಕ್ಕಿಗಳ ಹಿಕ್ಕೆ ಕೆರೆಗೆ ಬೀಳುತ್ತದೆ. ಅದರಲ್ಲಿರುವ ಸಾರಜನಕ, ರಂಜಕಗಳು ನೀರಿನಲ್ಲಿ ಬೆರೆತು ತೂಬಿನ ಮೂಲಕ ಗದ್ದೆಗೆ ಹರಿಯುತ್ತವೆ. ನೀರಿನ ಜೊತೆಗೇ ಗೊಬ್ಬರ!

ವೇಡಂತಾಂಗಲ್ ಎಂದರೆ ಬೇಡರ ನೆಲೆ ಎಂದು ಅರ್ಥ ಹೇಳುವುದುಂಟು. ಆದರೆ 18ನೇ ಶತಮಾನದ ಕೊನೆಯಲ್ಲಿ ಇಲ್ಲಿ ಹಕ್ಕಿಗಳನ್ನು ಹೊಡೆಯುತ್ತಿದ್ದವರು ಬ್ರಿಟಿಷ್ ಸಿಪಾಯಿಗಳು. ಗ್ರಾಮಸ್ಥರು ಕೈಕಟ್ಟಿ ಕೂರಲಿಲ್ಲ. ಚೆಂಗಲ್ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್‌ಗೆ ದೂರಿತ್ತರು. 1798ರ ಸುಮಾರಿಗೆ ಆತ ಹಕ್ಕಿಗಳ ರಕ್ಷಣೆಗೆ ಗ್ರಾಮಸ್ಥರಿಗಿದ್ದ ಹಕ್ಕನ್ನು ಮಾನ್ಯ ಮಾಡಿ ಕೌಲು ಬರೆದುಕೊಟ್ಟ. 1858ರಲ್ಲಿ ಅದು ನವೀಕರಣಗೊಂಡಿತು. ಇಡೀ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ ಎಂಬುದನ್ನು ನೆನೆದರೆ ಈ ಕೌಲಿನ ಮಹತ್ವ ತಿಳಿಯುತ್ತದೆ. 2022ರಲ್ಲಿ ವೇಡಂತಾಂಗಲ್ ರಾಮ್ಸಾರ್ ಪಟ್ಟಿಗೂ ಸೇರಿತು.

ಇಂಥ ನಂಟು ನಮ್ಮಲ್ಲೂ ಉಂಟು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ರೈತರು ಮರದಡಿಯ ಹಿಕ್ಕೆಯನ್ನು ಗೊಬ್ಬರವಾಗಿ ಬಳಸುತ್ತ ಬಂದವರು. ನೀರಾವರಿಗೆಂದು ಕಟ್ಟಿದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆಯೂ ರಾಮ್ಸಾರ್ ಪಟ್ಟಿ ಸೇರಿತು.

ಆದರೆ ಕೊಳವೆಬಾವಿ ಬಂದ ಮೇಲೆ ಅನೇಕ ಊರುಗಳಲ್ಲಿ ಹೂಳೆತ್ತುವವರಿಲ್ಲ, ಏರಿಗೆ ಮಣ್ಣು ಹಾಕುವವರಿಲ್ಲ. ವೇಡಂತಾಂಗಲ್‌ನಲ್ಲಿ ಹಕ್ಕಿಗಳ ಪರವಾಗಿ ದೂರು ಕೊಂಡೊಯ್ದವರು ಆ ಕೆರೆಯ ನೀರನ್ನೇ ನಂಬಿದ್ದ ರೈತರು. ಊರು ಕೆರೆಯನ್ನು ಮರೆತರೆ ಹಕ್ಕಿಗಳ ಪರವಾಗಿ ದೂರು ಒಯ್ಯುವವರು ಯಾರು?