ಸತ್ತವಳು ಯಾರು? ನ್ಯಾಯಾಲಯ ಮೊದಲು ಕೇಳಬೇಕಾದ ಪ್ರಶ್ನೆ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. 2025ರ ಏಪ್ರಿಲ್ ತಿಂಗಳಲ್ಲಿ ಮೈಸೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ನಡೆದದ್ದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಈ ಗಾದೆ ನೆನಪಾಗದೆ ಇರದು. ಗಂಡನಿಂದ ಕೊಲೆಯಾದಳೆಂದು ಪೊಲೀಸರು ಆರೋಪಪಟ್ಟಿ ಸಲ್ಲಿಸಿದ್ದ ಹೆಂಗಸೇ ನ್ಯಾಯಾಧೀಶರ ಎದುರು ಜೀವಂತವಾಗಿ ಬಂದು ನಿಂತಳು.

ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾದ ಹುಣಸೂರು–ಪಿರಿಯಾಪಟ್ಟಣದ ಸೀಮೆಯಲ್ಲಿ, ಕಟ್ಟೆಮಳಲವಾಡಿಯಿಂದ ಬೆಟ್ಟದಪುರದವರೆಗೆ, ಈ ಸುದ್ದಿ ಬಹಳ ದಿನ ಜನರ ಬಾಯಲ್ಲಿತ್ತು. ಬೆಟ್ಟದಪುರವೆಂದರೆ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ನೆನಪಾಗುವ ಊರು. ಈಗ ಅದರ ಜೊತೆಗೆ, ಯಾರದೆಂದು ಗೊತ್ತಿಲ್ಲದ ಒಂದು ಅಸ್ಥಿಪಂಜರದ ನೆನಪೂ ಸೇರಿಕೊಂಡಿದೆ.

ನಡೆದದ್ದು ಹೀಗೆ. ಕುಶಾಲನಗರ ತಾಲ್ಲೂಕಿನ ಒಬ್ಬ ಆದಿವಾಸಿ ಕೂಲಿಕಾರನ ಹೆಂಡತಿ 2020ರ ಕೊನೆಯಲ್ಲಿ ಮನೆ ಬಿಟ್ಟು ಹೋದಳು. ಹುಡುಕಾಡಿ ಸಿಗದೆ ಅವನೇ ಪೊಲೀಸು ಠಾಣೆಗೆ ದೂರು ಕೊಟ್ಟ. ಅದೇ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಒಂದು ಠಾಣೆಯಲ್ಲಿ ಕಾಣೆಯಾದ ಹೆಂಗಸಿನ ದೂರು, ಇನ್ನೊಂದು ಠಾಣೆಯಲ್ಲಿ ಗುರುತು ಸಿಗದ ಮೂಳೆ. ಎರಡನ್ನೂ ಜೋಡಿಸಿದ ಪೊಲೀಸರು ಅದು ಅವಳದೇ ಎಂದರು, ಕೊಂದವನು ಗಂಡನೇ ಎಂದರು. ದೂರು ಕೊಟ್ಟವನೇ ಆರೋಪಿಯಾದ.

ಹೆಂಗಸಿನ ತಾಯಿಯ ರಕ್ತದ ಮಾದರಿಯನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಲಾಯಿತು. ಆದರೆ ವರದಿ ಕೈಸೇರುವ ಮೊದಲೇ ಆರೋಪಪಟ್ಟಿ ನ್ಯಾಯಾಲಯ ಸೇರಿತ್ತು. ಆಮೇಲೆ ಬಂದ ವರದಿ, ಮೂಳೆಗೂ ತಾಯಿಯ ರಕ್ತಕ್ಕೂ ಸಂಬಂಧವಿಲ್ಲವೆಂದು ಹೇಳಿತು. ಅಷ್ಟಾದರೂ ಮೊಕದ್ದಮೆ ನಿಲ್ಲಲಿಲ್ಲ. ಅವನು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದು ಜಾಮೀನಿನ ಮೇಲೆ ಹೊರಬಂದ. 2025ರ ಏಪ್ರಿಲ್ 1ರಂದು ಅವನ ಸ್ನೇಹಿತರ ಕಣ್ಣಿಗೆ ಮಡಿಕೇರಿಯ ಹೋಟೆಲೊಂದರಲ್ಲಿ ಆ ಹೆಂಗಸು ಬಿದ್ದಳು. ಅವಳು ಬೇರೊಬ್ಬನ ಜೊತೆ ಸಂಸಾರ ಹೂಡಿದ್ದಳು. ಅದೇ ತಿಂಗಳು ಮೈಸೂರಿನ ಐದನೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಅವನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಗೃಹ ಇಲಾಖೆಗೆ ಆದೇಶಿಸಿತು.

ಇದನ್ನು ಕೇವಲ ಒಂದು ವಿಚಿತ್ರ ಸುದ್ದಿಯೆಂದು ಓದಿ ಮರೆಯುವಂತಿಲ್ಲ. ಗಂಡ ಹೆಂಡತಿಯನ್ನು, ಪ್ರಿಯತಮ ಪ್ರೇಯಸಿಯನ್ನು ಕೊಂದನೆಂಬ ಮೊಕದ್ದಮೆಗಳಿಗೆ ಒಂದು ವಿಶೇಷ ತೊಡಕಿದೆ. ನಾಲ್ಕು ಗೋಡೆಗಳ ನಡುವೆ ನಡೆಯುವ ಇಂಥ ಕೃತ್ಯಕ್ಕೆ ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ಅಪರೂಪ. ಹಾಗಾಗಿ ಸಾಂದರ್ಭಿಕ ಸಾಕ್ಷ್ಯವೇ ಆಧಾರ. ಅನುಮಾನವಂತೂ ಎಲ್ಲರಿಗಿಂತ ಮೊದಲು ಜೊತೆಗಿದ್ದವನ ಮೇಲೆಯೇ ಬೀಳುತ್ತದೆ. ಎಷ್ಟೋ ಸಲ ಆ ಅನುಮಾನ ನಿಜವೂ ಆಗಿರುತ್ತದೆ. ಕಷ್ಟ ಇರುವುದು ಅಲ್ಲಿಯೇ.

ಹೆಣವಿಲ್ಲದ ಕೊಲೆ

ಸತ್ತರೆಂದು ತಿಳಿದವರು ತಿರುಗಿ ಬಂದ ಕಥೆ ಹೊಸದಲ್ಲ. ಇಂಗ್ಲೆಂಡಿನ ಕ್ಯಾಂಪ್ಡನ್ ಎಂಬ ಊರಿನಲ್ಲಿ 1660ರಲ್ಲಿ ವಿಲಿಯಂ ಹ್ಯಾರಿಸನ್ ಎಂಬ ವೃದ್ಧ ಕಾಣೆಯಾದ. ಅವನ ಸೇವಕ ಜಾನ್ ಪೆರಿ, ತನ್ನ ತಾಯಿ ಮತ್ತು ಅಣ್ಣತಮ್ಮಂದಿರಲ್ಲೊಬ್ಬ ಸೇರಿ ಕೊಂದರೆಂದು ಹೇಳಿಕೆ ಕೊಟ್ಟ. ಹೆಣ ಸಿಗದಿದ್ದರೂ 1661ರಲ್ಲಿ ಮೂವರನ್ನೂ ಗಲ್ಲಿಗೇರಿಸಿದರು. 1662ರಲ್ಲಿ ಹ್ಯಾರಿಸನ್ ಜೀವಂತವಾಗಿ ಊರಿಗೆ ಮರಳಿದ! ಅದೇ ಶತಮಾನದ ಪ್ರಸಿದ್ಧ ನ್ಯಾಯಾಧೀಶ ಸರ್ ಮ್ಯಾಥ್ಯೂ ಹೇಲ್, ಕೊಲೆ ನಡೆದದ್ದು ಸಿದ್ಧವಾಗದೆ ಅಥವಾ ಹೆಣವಾದರೂ ಸಿಗದೆ ಯಾರನ್ನೂ ಕೊಲೆಗಾರನೆಂದು ಶಿಕ್ಷಿಸಬಾರದೆಂದು ಬರೆದಿಟ್ಟ.

ಭಾರತದ ನ್ಯಾಯಾಲಯಗಳು ಈ ಮಾತನ್ನು ಎಚ್ಚರಿಕೆಯೆಂದು ಒಪ್ಪಿವೆಯೇ ಹೊರತು ಕಟ್ಟುನಿಟ್ಟಿನ ನಿಯಮವೆಂದಲ್ಲ. ಹಿಮಾಚಲ ಪ್ರದೇಶದ ರಾಮಾನಂದ್ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಅದೂ ಹೆಂಡತಿಯ ಕೊಲೆಯ ಆರೋಪವೇ. ಹೆಣ ಸಿಗಲೇಬೇಕೆಂದು ಹಟ ಹಿಡಿದರೆ, ಹೆಣವನ್ನು ಜಾಣತನದಿಂದ ಮಾಯ ಮಾಡಿದವನು ಸುಲಭವಾಗಿ ಪಾರಾಗುತ್ತಾನೆ. ಆದ್ದರಿಂದ ಸಾವು ಸಂಭವಿಸಿದೆ ಎಂಬುದು ಬೇರೆ ಸಾಕ್ಷ್ಯದಿಂದ ಗಟ್ಟಿಯಾಗಿ ಸಿದ್ಧವಾದರೆ ಸಾಕು.

ರಿಚ್ಮಂಡ್ ರಸ್ತೆಯ ಮನೆ

ಈ ತರ್ಕದ ಇನ್ನೊಂದು ಮುಖವನ್ನು ನೋಡಬೇಕಾದರೆ ಬೆಂಗಳೂರಿನ ಶಾಕೆರೆ ಖಲೀಲಿ ಪ್ರಕರಣಕ್ಕೆ ಬರಬೇಕು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಆಕೆ. ಮೊದಲ ಪತಿ ಭಾರತದ ವಿದೇಶಾಂಗ ಸೇವೆಯಲ್ಲಿದ್ದವರು, ನಾಲ್ವರು ಹೆಣ್ಣುಮಕ್ಕಳು. 1985ರಲ್ಲಿ ವಿಚ್ಛೇದನವಾಯಿತು. 1986ರಲ್ಲಿ ಸ್ವಾಮಿ ಶ್ರದ್ಧಾನಂದನೆಂದು ಹೆಸರಿಟ್ಟುಕೊಂಡಿದ್ದ ಮುರಳಿ ಮನೋಹರ ಮಿಶ್ರನನ್ನು ಆಕೆ ಮದುವೆಯಾದರು. ಆಸ್ತಿಯ ವ್ಯವಹಾರಕ್ಕೆಂದು ಅವನಿಗೆ ಅಧಿಕಾರ ಪತ್ರವನ್ನೂ ಬರೆದುಕೊಟ್ಟರು.

1991ರ ಮೇ ತಿಂಗಳ ಕೊನೆಯ ನಂತರ ಆಕೆಯನ್ನು ಯಾರೂ ಕಾಣಲಿಲ್ಲ. ಮಕ್ಕಳು ಕೇಳಿದಾಗಲೆಲ್ಲ ಅವನು ಒಂದೊಂದು ಸಬೂಬು ಹೇಳುತ್ತ ಬಂದ. ಅತ್ತ ಆಸ್ತಿಯ ಮಾರಾಟವೂ ನಡೆಯುತ್ತಿತ್ತು. ಮಗಳೊಬ್ಬಳು ಪಟ್ಟು ಬಿಡದೆ 1992ರಲ್ಲಿ ಪೊಲೀಸರಿಗೆ ದೂರಿತ್ತಳು. 1994ರ ಮಾರ್ಚ್ 30ರಂದು, ಆರೋಪಿಯೇ ತೋರಿಸಿದ ಜಾಗದಲ್ಲಿ, ರಿಚ್ಮಂಡ್ ರಸ್ತೆಯ ಅದೇ ಮನೆಯ ಆವರಣವನ್ನು ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ಸುಮಾರು ಮೂರು ವರ್ಷ ಅವನು ಆ ಮನೆಯಲ್ಲೇ ವಾಸವಾಗಿದ್ದ.

ಪೊಲೀಸರ ಮುಂದೆ ಆರೋಪಿ ಕೊಡುವ ತಪ್ಪೊಪ್ಪಿಗೆಗೆ ನಮ್ಮ ನ್ಯಾಯಾಲಯಗಳಲ್ಲಿ ಬೆಲೆಯಿಲ್ಲ. 1872ರ ಸಾಕ್ಷ್ಯ ಅಧಿನಿಯಮವೇ ಇದನ್ನು ನಿಷೇಧಿಸಿತ್ತು. ಆದರೆ ಆ ಹೇಳಿಕೆಯಿಂದ ಹೊಸದೊಂದು ವಸ್ತು ಸಿಕ್ಕಿದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಹಳೆಯ ಕಾಯಿದೆಯ 27ನೇ ಕಲಂ ಎಂದು ವಕೀಲರ ಬಾಯಲ್ಲಿ ಓಡಾಡುತ್ತಿದ್ದುದು ಇದೇ. ಹಾಗಾಗಿ ಮಣ್ಣಿನಡಿಯ ಪೆಟ್ಟಿಗೆ ಈ ಮೊಕದ್ದಮೆಯ ಬೆನ್ನೆಲುಬಾಯಿತು.

ಇಲ್ಲಿಯೂ ಮೊದಲ ಪ್ರಶ್ನೆ ಒಂದೇ ಆಗಿತ್ತು: ಈ ಮೂಳೆ ಯಾರದು? ತಲೆಬುರುಡೆಯ ಚಿತ್ರವನ್ನು ಶಾಕೆರೆಯ ಭಾವಚಿತ್ರದ ಮೇಲಿಟ್ಟು ಹೋಲಿಸಿದರು. ತಾಯಿಯ ರಕ್ತದೊಂದಿಗೆ ಡಿಎನ್‌ಎ ಪರೀಕ್ಷೆ ನಡೆಯಿತು. ಜೊತೆಯಲ್ಲಿದ್ದ ಬಟ್ಟೆ, ಉಂಗುರಗಳನ್ನು ಗುರುತಿಸಲಾಯಿತು. ಪೆಟ್ಟಿಗೆ ತರಿಸಿದ್ದು, ಗುಂಡಿ ತೋಡಿಸಿದ್ದು ಇತ್ಯಾದಿಗಳಿಗೆ ಸಾಕ್ಷಿಗಳು ಬಂದರು. ಇಷ್ಟಾದ ಮೇಲೆಯೇ ಕೊಂದವರಾರು ಎಂಬ ಎರಡನೇ ಪ್ರಶ್ನೆ. 2005ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅದೇ ವರ್ಷ ಹೈಕೋರ್ಟು ಎತ್ತಿಹಿಡಿಯಿತು.

2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಮ್ಮತಕ್ಕೆ ಬಂದರೂ ಶಿಕ್ಷೆಯ ಬಗ್ಗೆ ಭಿನ್ನಮತ ತಾಳಿದರು. 2008ರ ಜುಲೈ 22ರಂದು ಮೂವರ ಪೀಠ ನಡುದಾರಿಯೊಂದನ್ನು ಹಿಡಿಯಿತು: ಗಲ್ಲು ಬೇಡ, ಆದರೆ ಉಸಿರಿರುವ ತನಕ ಬಿಡುಗಡೆಯೂ ಇಲ್ಲ. ಮರಣದಂಡನೆಗೂ, ಹದಿನಾಲ್ಕು ವರ್ಷ ಕಳೆದ ಮೇಲೆ ಬಿಡುಗಡೆಯಾಗಬಹುದಾದ ಜೀವಾವಧಿಗೂ ನಡುವಿನ ಈ ಶಿಕ್ಷೆಯನ್ನು 2015ರಲ್ಲಿ ಸಂವಿಧಾನ ಪೀಠವೂ ಒಪ್ಪಿತು. ಹೀಗೆ ಬೆಂಗಳೂರಿನ ಒಂದು ಮನೆಯ ದುರಂತ ದೇಶದ ಶಿಕ್ಷಾ ಪದ್ಧತಿಯನ್ನೇ ಬದಲಿಸಿತು.

ಸರಪಳಿಯ ಐದು ಸೂತ್ರಗಳು

ಸಾಂದರ್ಭಿಕ ಸಾಕ್ಷ್ಯವನ್ನು ತೂಗುವ ತಕ್ಕಡಿಯನ್ನು ನಮ್ಮ ನ್ಯಾಯಾಲಯಗಳಿಗೆ ಒದಗಿಸಿದ್ದೂ ಗಂಡನ ಮೇಲಿನ ಆರೋಪವೇ. ಪುಣೆಯಲ್ಲಿ 1982ರಲ್ಲಿ ಒಬ್ಬ ನವವಿವಾಹಿತೆ ವಿಷದಿಂದ ಸತ್ತಳು. ಗಂಡನಿಗೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು, ಬಾಂಬೆ ಹೈಕೋರ್ಟು ಅನುಮೋದಿಸಿತು. 1984ರಲ್ಲಿ ಸುಪ್ರೀಂ ಕೋರ್ಟು ಅವನನ್ನು ಖುಲಾಸೆ ಮಾಡಿತು. ಇದೇ ಶರದ್ ಬಿರ್ದಿಚಂದ್ ಸಾರ್ದಾ ಪ್ರಕರಣ. ಅಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಐದು ಸೂತ್ರಗಳನ್ನು ಹೇಳಿದರು. ಆಧಾರವಾಗುವ ಪ್ರತಿಯೊಂದು ಸಂಗತಿಯೂ ಪೂರ್ಣವಾಗಿ ಸಿದ್ಧವಾಗಿರಬೇಕು, ಅವು ಆರೋಪಿಯ ಅಪರಾಧದೊಂದಿಗೆ ಮಾತ್ರ ಹೊಂದಬೇಕು, ನಿರ್ಣಾಯಕವಾಗಿರಬೇಕು, ಬೇರೆ ಎಲ್ಲ ಸಾಧ್ಯತೆಗಳನ್ನೂ ತಳ್ಳಿಹಾಕಬೇಕು, ಕೊಂಡಿಗಳು ಕಡಿಯದೆ ಸರಪಳಿ ಪೂರ್ಣವಾಗಿರಬೇಕು.

ಹಾಗೆಂದು ಗಂಡ ಬಾಯಿ ಮುಚ್ಚಿಕೊಂಡು ಕುಳಿತರೆ ಪಾರಾದನೆಂದೂ ಅಲ್ಲ. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ವಿವರಿಸುವ ಹೊಣೆ ಅವನದು ಎಂಬ ನಿಯಮವೂ ಇದೆ. ಮನೆಯೊಳಗೆ ಹೆಂಡತಿ ಸತ್ತಾಗ ಅಲ್ಲಿದ್ದ ಗಂಡ ಸರಿಯಾದ ವಿವರಣೆ ಕೊಡದಿದ್ದರೆ ಅದೂ ಸರಪಳಿಯ ಒಂದು ಕೊಂಡಿಯಾಗುತ್ತದೆ ಎಂದು ಸುಪ್ರೀಂ ಕೋರ್ಟು 2006ರಲ್ಲಿ ತ್ರಿಮುಖ್ ಮಾರೋತಿ ಕಿರ್ಕನ್ ಪ್ರಕರಣದಲ್ಲಿ ಹೇಳಿತು. ಆದರೆ ಸರ್ಕಾರದ ಪಕ್ಷ ತನ್ನ ಪಾಲಿನ ರುಜುವಾತನ್ನು ಮೊದಲು ಮಂಡಿಸಬೇಕು. 2024ರ ಜುಲೈ 1ರಿಂದ ಹಳೆಯ ಕಾಯಿದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಈ ತತ್ವಗಳು ಹಾಗೆಯೇ ಉಳಿದಿವೆ.

ಹೆಂಗಸರೂ ಇಂಥ ಕಟಕಟೆಯಲ್ಲಿ ನಿಂತಿದ್ದಾರೆ. ಬೆಂಗಳೂರಿನಲ್ಲಿ 2003ರಲ್ಲಿ ನಿಶ್ಚಿತಾರ್ಥವಾದ ಕೆಲವೇ ದಿನಗಳಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನ ಕೊಲೆಯಾಯಿತು. ಮದುವೆಯಾಗಬೇಕಿದ್ದ ಕಾನೂನು ವಿದ್ಯಾರ್ಥಿನಿ ಮತ್ತು ಇತರ ಮೂವರಿಗೆ 2010ರಲ್ಲಿ ಶಿಕ್ಷೆಯಾಯಿತು. ಅಲ್ಲಿ ಸತ್ತವನಾರು ಎಂಬ ಪ್ರಶ್ನೆ ಇರಲಿಲ್ಲ. ಆರೋಪಿಗಳನ್ನು ಒಬ್ಬರಿಗೊಬ್ಬರು ಬೆಸೆದ ದೂರವಾಣಿ ಕರೆಗಳ ದಾಖಲೆಯೇ ಮುಖ್ಯವಾಯಿತು. 2025ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿದರೂ, ಬಲವಂತದ ಮದುವೆಯ ನಿಶ್ಚಯದ ಹಿನ್ನೆಲೆಯನ್ನು ಗಮನಿಸಿ, ಕ್ಷಮಾದಾನಕ್ಕಾಗಿ ರಾಜ್ಯಪಾಲರನ್ನು ಕೇಳಿಕೊಳ್ಳಲು ಅವಕಾಶ ಕೊಟ್ಟಿತು.

ಉಳಿದುಹೋದ ಲೆಕ್ಕ

ಈಗ ಮತ್ತೆ ಬೆಟ್ಟದಪುರಕ್ಕೆ ಬರೋಣ. ಸಾರ್ದಾ ಪ್ರಕರಣದ ಸರಪಳಿಯನ್ನು ಇಲ್ಲಿ ಹಿಡಿದು ನೋಡಿದರೆ ಮೊದಲ ಕೊಂಡಿಯೇ ಇರಲಿಲ್ಲ. ರಿಚ್ಮಂಡ್ ರಸ್ತೆಯ ಮೊಕದ್ದಮೆಯಲ್ಲಿ 1990ರ ದಶಕದಲ್ಲೇ ಯಾವ ವಿಜ್ಞಾನದಿಂದ ಮೂಳೆಯ ಗುರುತನ್ನು ಹಚ್ಚಲು ಶ್ರಮಿಸಿದರೋ, ಅದೇ ವಿಜ್ಞಾನ ಕಾಲು ಶತಮಾನದ ನಂತರ ಇಲ್ಲಿಯೂ ಉತ್ತರ ಕೊಟ್ಟಿತ್ತು. ಕೇಳುವ ವ್ಯವಧಾನ ಇರಲಿಲ್ಲ ಅಷ್ಟೆ. ದಿವಾನರ ಮನೆತನದ ಮಗಳಿಗೆ ದೂರಿನ ಬೆನ್ನು ಹತ್ತುವ ಶಕ್ತಿಯಿತ್ತು. ಆದಿವಾಸಿ ಕೂಲಿಕಾರನಿಗೆ ಜಾಮೀನು ಪಡೆಯುವುದೇ ದೊಡ್ಡ ಸಾಹಸ.

ತಪ್ಪು ಮೊಕದ್ದಮೆಯಿಂದ ಕಳೆದುಹೋದ ವರ್ಷಗಳಿಗೆ ಬೆಲೆ ಕಟ್ಟುವ ಕಾಯಿದೆ ನಮ್ಮಲ್ಲಿಲ್ಲ. ಖುಲಾಸೆಯಾದ ಮೇಲೂ 14 ವರ್ಷ ಸೆರೆಯಲ್ಲಿದ್ದ ಬಿಹಾರದ ರುದುಲ್ ಶಾಗೆ ಸುಪ್ರೀಂ ಕೋರ್ಟು 1983ರಲ್ಲಿ ಕೊಡಿಸಿದ್ದು 35,000 ರೂಪಾಯಿ. ಅದು ನ್ಯಾಯಾಲಯದ ವಿವೇಚನೆಯೇ ಹೊರತು ಹಕ್ಕಲ್ಲ. ಇಂಥವರಿಗೆ ಪರಿಹಾರವನ್ನು ಶಾಸನಬದ್ಧ ಹಕ್ಕಾಗಿಸಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತು. ಬೆಟ್ಟದಪುರ ಪ್ರಕರಣದಲ್ಲಿ ಬಿಡುಗಡೆಯಾದವನು ಒಂದು ಲಕ್ಷ ಸಾಲದೆಂದು ಹೈಕೋರ್ಟಿನ ಮೊರೆ ಹೊಕ್ಕ.

ಅವನ ಹೆಂಡತಿ ಬದುಕಿದ್ದಾಳೆ, ಅವನು ಬಿಡುಗಡೆಯಾಗಿದ್ದಾನೆ. ಆದರೆ ಆ ಹೊಲ ಕಾಡುಗಳ ಸೀಮೆಯಲ್ಲಿ ಸಿಕ್ಕಿದ ಮೂಳೆ ಸುಳ್ಳಲ್ಲ. ಯಾವುದೋ ಮನೆಯವರು ಆ ವರ್ಷ ಯಾರಿಗಾಗಿಯೋ ಕಾದಿರಬೇಕು. ಅದು ಕೊಲೆಯೇ ಆಗಿದ್ದರೆ, ನಿರಪರಾಧಿ ಸೆರೆಯಲ್ಲಿದ್ದಷ್ಟು ದಿನವೂ ಕೊಂದವನನ್ನು ಹುಡುಕುವವರು ಯಾರೂ ಇರಲಿಲ್ಲ. ತಪ್ಪು ಮನುಷ್ಯನನ್ನು ಹಿಡಿದಾಗ ಅನ್ಯಾಯವಾಗುವುದು ಅವನೊಬ್ಬನಿಗೆ ಮಾತ್ರವಲ್ಲ, ಹೆಸರು ಸಿಗದೆ ಕಡತದೊಳಗೆ ಉಳಿದುಹೋದ ಆ ಜೀವಕ್ಕೂ ಹೌದು.