ರೇಡಿಯೋ ಸಿಳ್ಳೆಯಿಂದ ಹುಟ್ಟಿದ ವಾದ್ಯ

ಹಳೆಯ ವಾಲ್ವ್ ರೇಡಿಯೋದಲ್ಲಿ ದೂರದ ನಿಲಯವೊಂದನ್ನು ಹುಡುಕುತ್ತ ಗುಂಡಿ ತಿರುಗಿಸಿದವರು ನಿಮ್ಮಲ್ಲಿ ಅನೇಕರಿರಬಹುದು. ಆಗ ನಡುನಡುವೆ ಒಂದು ಸಿಳ್ಳೆ ಕೇಳುವುದುಂಟು. ಗುಂಡಿ ಕೂದಲೆಳೆಯಷ್ಟು ಸರಿದರೂ ಅದು ಏರುತ್ತದೆ, ಇಳಿಯುತ್ತದೆ. ಸೆಟ್ಟಿನೊಳಗೆ ಹುಟ್ಟಿದ ಅಲೆಯೊಂದು ಹೊರಗಿನಿಂದ ಬಂದ ಅಲೆಯೊಡನೆ ಬೆರೆತಾಗ, ಅವೆರಡರ ಕಂಪನಸಂಖ್ಯೆಗಳ ಅಂತರವೇ ನಮ್ಮ ಕಿವಿಗೆ ಸ್ವರವಾಗಿ ಬೀಳುತ್ತದೆ. ಕೇಳುವವರಿಗೆ ಅದೊಂದು ಪೀಡೆ. ಆದರೆ ರಷ್ಯದ ಭೌತವಿಜ್ಞಾನಿ ಲೆವ್ ಥೆರೆಮಿನ್ 1920ರಲ್ಲಿ ಪೆಟ್ರೊಗ್ರಾಡಿನಲ್ಲಿ ಇದೇ ತತ್ತ್ವದ ಮೇಲೆ ಒಂದು ವಾದ್ಯವನ್ನೇ ರಚಿಸಿದ. ಅದನ್ನು ಮುಟ್ಟಿ ನುಡಿಸಬೇಕಾಗಿಲ್ಲ. ಲೋಹದ ಕಡ್ಡಿಯ ಬಳಿ ಒಂದು ಕೈ ಆಡಿಸಿದರೆ ಸ್ವರ ಏರಿಳಿಯುತ್ತದೆ. ಇನ್ನೊಂದು ಕೈಯಿಂದ ಧ್ವನಿ ಹೆಚ್ಚುಕಡಮೆಯಾಗುತ್ತದೆ.

ಈ ವಾದ್ಯ ನ್ಯೂಯಾರ್ಕಿನ ಹುಡುಗನೊಬ್ಬನಿಗೆ ಹುಚ್ಚು ಹಿಡಿಸಿತು. 1934ರಲ್ಲಿ ಜನಿಸಿದ ರಾಬರ್ಟ್ ಮೋಗ್ ತನ್ನ 14ನೆಯ ವಯಸ್ಸಿನಲ್ಲೇ ಥೆರೆಮಿನ್ ವಾದ್ಯವೊಂದನ್ನು ಕಟ್ಟಿದ. 1954ರಲ್ಲಿ ತಂದೆಯೊಡನೆ ಸೇರಿ ಅವನ್ನು ತಯಾರಿಸಿ ಮಾರತೊಡಗಿದ. ಮುಂದೆ ಬಿಡಿಭಾಗಗಳನ್ನೇ ಒಟ್ಟುಮಾಡಿ, ಕೊಂಡವರೇ ಮನೆಯಲ್ಲಿ ಕಟ್ಟಿಕೊಳ್ಳುವಂತೆ ಒದಗಿಸಿದ. 1964ರಲ್ಲಿ ಸಂಗೀತ ರಚನಕಾರ ಹರ್ಬರ್ಟ್ ಡಾಯ್ಚ್‌ನ ಜೊತೆಗೂಡಿ ಆತ ರೂಪಿಸಿದ ಯಂತ್ರವೇ ಮೋಗ್ ಸಿಂಥೆಸೈಸರ್.

ಅದರ ಮರ್ಮ ಸರಳವಾದದ್ದು. ಒಂದು ಭಾಗ ಸ್ವರವನ್ನು ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸಿ ನಾದದ ಬಣ್ಣ ಬದಲಿಸುತ್ತದೆ, ಮತ್ತೊಂದು ಅದರ ಬಲವನ್ನು ಹಿಡಿತದಲ್ಲಿಡುತ್ತದೆ. ಇವೆಲ್ಲಕ್ಕೂ ಅಪ್ಪಣೆ ಕೊಡುವುದು ವಿದ್ಯುತ್ತಿನ ಒತ್ತಡ. 1 ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಒತ್ತಡವು ಅಂಕಿಗಳಂತೆ ತುಂಡುತುಂಡಾಗಿರದೆ ನೀರಿನ ಹಾಗೆ ಹರಿಯುವುದರಿಂದ ಇದಕ್ಕೆ ಅನಲಾಗ್ ಎಂದು ಹೆಸರು. ಕೋಣೆಯ ಬಿಸಿ ಏರಿದರೆ ಶ್ರುತಿ ಸರಿಯುವುದೂ ಉಂಟು. ತಂಬೂರಿಯನ್ನು ಶ್ರುತಿ ಮಾಡಿಕೊಳ್ಳುವಂತೆ ಇದನ್ನೂ ಮಾಡಿಕೊಳ್ಳಬೇಕು.

1970ರಲ್ಲಿ ಬಂದ ಮಿನಿಮೋಗ್ ಎಂಬ ಚಿಕ್ಕ ಮಾದರಿ ಲೋಕಪ್ರಿಯವಾಯಿತು. ಸುಮಾರು 12,000 ತಯಾರಾದ ಮೇಲೆ 1981ರಲ್ಲಿ ಅದರ ತಯಾರಿಕೆ ನಿಂತಿತು. 1983ರಲ್ಲಿ ಯಮಾಹಾ ಸಂಸ್ಥೆಯ ಡಿಎಕ್ಸ್ 7 ಬಂದಿತು. ಅದು ಅಂಕಿಗಳ ಲೆಕ್ಕದಿಂದಲೇ ನಾದ ಹುಟ್ಟಿಸುವ ಯಂತ್ರ. ಶ್ರುತಿ ತಪ್ಪುವ ಕಾಟವಿಲ್ಲ. ಹಳೆಯ ಯಂತ್ರಗಳನ್ನು ಜನ ಸಿಕ್ಕಿದ ಬೆಲೆಗೆ ಮಾರಿದರು.

ಇಲ್ಲಿ ಕಥೆ ಮುಗಿಯಬೇಕಾಗಿತ್ತು. ಮುಗಿಯಗೊಡದವರು ಹವ್ಯಾಸಿಗಳು. ಅವರು ಕೆಟ್ಟ ಯಂತ್ರಗಳನ್ನು ಕೊಂಡರು, ಧೂಳು ಕೊಡವಿದರು, ಸತ್ತ ಭಾಗಗಳನ್ನು ಕಿತ್ತು ಬೇರೆ ಬೆಸೆದರು, ನಕಾಶೆಗಳನ್ನು ಒಬ್ಬರಿಗೊಬ್ಬರು ಹಂಚಿಕೊಂಡರು. 1990ರ ದಶಕದಲ್ಲಿ ಜರ್ಮನಿಯ ಡೀಟರ್ ಡೋಪ್‌ಫರ್ ಬಿಡಿ ಪಟ್ಟಿಗಳನ್ನು ಜೋಡಿಸಿ ಬೇಕಾದ ಯಂತ್ರ ಕಟ್ಟಿಕೊಳ್ಳುವ ವ್ಯವಸ್ಥೆಯೊಂದನ್ನು ಹೊರತಂದ. ಅದೇ ಅಳತೆಗೆ ತಕ್ಕ ಪಟ್ಟಿಗಳನ್ನು ಅನೇಕ ದೇಶಗಳ ಸಣ್ಣ ಕುಶಲಕರ್ಮಿಗಳೂ ತಯಾರಿಸತೊಡಗಿದರು. ಕೊನೆಗೆ 2016ರಲ್ಲಿ ಮೋಗ್ ಸಂಸ್ಥೆಯೇ ಮಿನಿಮೋಗನ್ನು ಮತ್ತೆ ತಯಾರಿಸಿತು.

ನಮ್ಮ ದೇಶಕ್ಕೂ ಈ ಚರಿತ್ರೆಯಲ್ಲಿ ಪಾಲುಂಟು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಯಂತ್ರವನ್ನು ಸ್ಥಾಪಿಸಿದ. ಪಖಾವಜ್ ವಾದಕಿ ಗೀತಾ ಸಾರಾಭಾಯಿಯವರೂ ಇತರ ಕೆಲವರೂ 1972ರವರೆಗೆ ಅಲ್ಲಿ ನಾದದ ಪ್ರಯೋಗಗಳನ್ನು ನಡೆಸಿ ಟೇಪಿಗೆ ಇಳಿಸಿದರು. ಆಮೇಲೆ ಅದನ್ನು ಮುಂದುವರಿಸುವ ಹವ್ಯಾಸಿಗಳ ಬಳಗವೊಂದು ಅಲ್ಲಿ ಬೆಳೆಯಲಿಲ್ಲ. ಟೇಪುಗಳು ಸಂಸ್ಥೆಯ ದಾಖಲೆಗಳ ನಡುವೆ ಮರೆತುಹೋದವು. ದಶಕಗಳ ಮೇಲೆ ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವನ್ನು ಹೊರತೆಗೆದರು. 2020ರಲ್ಲಿ ಬಿ.ಬಿ.ಸಿ. ರೇಡಿಯೋ ಈ ಕಥೆಯನ್ನು ಪ್ರಸಾರ ಮಾಡಿತು. 2023ರಲ್ಲಿ ಆ ಸಂಗೀತ ಧ್ವನಿಮುದ್ರಿಕೆಯಾಗಿ ಪ್ರಕಟವಾಯಿತು.

ವೀಣೆಯ ಮೇಣ ಸಡಿಲಿದರೆ ಮೇಳ ಕಟ್ಟುವವರು ನಮ್ಮಲ್ಲಿದ್ದಾರೆ. ಆದ್ದರಿಂದಲೇ ವೀಣೆ ಉಳಿದಿದೆ. ವಿದ್ಯುತ್ ವಾದ್ಯಕ್ಕೂ ಅದೇ ಮಾತು ಸಲ್ಲುತ್ತದೆ. ಯಾರ ಮನೆಯಲ್ಲಾದರೂ ಬೆಸುಗೆಯ ಕಡ್ಡಿ ಹಿಡಿದು ಹಳೆಯ ಪೆಟ್ಟಿಗೆಯೊಂದನ್ನು ಬಿಚ್ಚಿ ಕುಳಿತ ಹುಡುಗನೋ ಹುಡುಗಿಯೋ ಇದ್ದರೆ, ದಯವಿಟ್ಟು ಗದರಿಸಬೇಡಿ.